ಲೂಪ್ (ಸರ್ವರ್ ಸಂರಚನೆ)

ಸರ್ವರ್ ಸಂರಚನೆಯ ಸ್ವಯಂಚಾಲನೆಯಲ್ಲಿ ಲೂಪ್ ಎಂದರೆ, ಒಮ್ಮೆ ಬರೆದ ಕಾರ್ಯವನ್ನು ಪಟ್ಟಿಯೊಂದರ ಪ್ರತಿಯೊಂದು ಅಂಶಕ್ಕೂ ಕ್ರಮವಾಗಿ ಅನ್ವಯಿಸುವ ವಿಧಾನ. ಇದನ್ನು ಕನ್ನಡದಲ್ಲಿ ಆವರ್ತನ ಎನ್ನಬಹುದು. ಬಳಕೆದಾರರ ಖಾತೆ ತೆರೆಯುವುದು, ಕಡತಕೋಶಗಳನ್ನು ರಚಿಸುವುದು, ಸೇವೆಗಳನ್ನು ಆರಂಭಿಸುವುದು ಮೊದಲಾದ ಕೆಲಸಗಳಿಗೆ ಇದು ಬಳಕೆಯಲ್ಲಿದೆ. ಈ ಲೇಖನವು ಆನ್ಸಿಬಲ್ ತಂತ್ರಾಂಶದಲ್ಲಿರುವ ಲೂಪ್‌ನ ಕುರಿತಾಗಿದೆ.

ಹಿನ್ನೆಲೆ

ಆನ್ಸಿಬಲ್ ಒಂದು ಮುಕ್ತ ತಂತ್ರಾಂಶ. ಮೈಕೆಲ್ ಡಿಹಾನ್ ಇದನ್ನು ರೂಪಿಸಿ 2012ರಲ್ಲಿ ಬಿಡುಗಡೆ ಮಾಡಿದರು. 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಇದನ್ನು ಕೊಂಡುಕೊಂಡಿತು. ಇದರಲ್ಲಿ ಮಾಡಬೇಕಾದ ಕಾರ್ಯಗಳನ್ನು ಪ್ಲೇಬುಕ್ ಎಂಬ ಕಡತದಲ್ಲಿ ಯಾಮಲ್ ರೂಪದಲ್ಲಿ ಬರೆಯಲಾಗುತ್ತದೆ. ಆರಂಭದಲ್ಲಿ ಆವರ್ತನೆಗೆ ‘ವಿತ್_ಐಟಮ್ಸ್’ನಂತಹ ಪದಗಳಿದ್ದವು. 2018ರಲ್ಲಿ ಬಂದ 2.5ನೇ ಆವೃತ್ತಿಯಲ್ಲಿ ‘ಲೂಪ್’ ಎಂಬ ಪದ ಸೇರಿತು.

ಕಾರ್ಯವಿಧಾನ

ಉದಾಹರಣೆಗೆ, ಹಾವೇರಿ ಜಿಲ್ಲೆಯ ಎಂಟು ತಾಲ್ಲೂಕುಗಳಿಗೆ ಸರ್ವರ್‌ನಲ್ಲಿ ಒಂದೊಂದು ಕಡತಕೋಶ ಬೇಕೆಂದು ಭಾವಿಸೋಣ. ಲೂಪ್ ಇಲ್ಲದಿದ್ದರೆ ಒಂದೇ ಕಾರ್ಯವನ್ನು ಎಂಟು ಸಲ ಬರೆಯಬೇಕು. ಲೂಪ್ ಇದ್ದಾಗ ಕಾರ್ಯವನ್ನು ಒಮ್ಮೆ ಬರೆದು, ಹೆಸರು ಬರಬೇಕಾದಲ್ಲಿ ಜೋಡಿ ಪುಷ್ಪಾವರಣದೊಳಗೆ ‘ಐಟಂ’ ಎಂಬ ಚರಾಂಶವನ್ನು ಇಟ್ಟು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್, ಹಿರೇಕೆರೂರು, ರಟ್ಟೀಹಳ್ಳಿ, ಸವಣೂರು, ಶಿಗ್ಗಾಂವ ಎಂಬ ಪಟ್ಟಿಯನ್ನು ಕೆಳಗೆ ಕೊಟ್ಟರೆ ಸಾಕು. ಶಿಕ್ಷಕರು ಹಾಜರಿ ಕರೆಯುವಾಗ ಕರೆಯುವ ರೀತಿ ಒಂದೇ ಇದ್ದು ಹೆಸರು ಮಾತ್ರ ಬದಲಾಗುವಂತೆ, ಪ್ರತಿ ಸುತ್ತಿನಲ್ಲಿಯೂ ‘ಐಟಂ’ ಮುಂದಿನ ಹೆಸರನ್ನು ತಳೆಯುತ್ತದೆ.

ಸರ್ವರ್‌ಗಳ ಸಂಖ್ಯೆಗೂ ಲೂಪ್‌ಗೂ ಸಂಬಂಧವಿಲ್ಲ. ಯಾವ ಯಾವ ಸರ್ವರ್‌ಗಳಲ್ಲಿ ಕೆಲಸ ನಡೆಯಬೇಕೆಂಬುದನ್ನು ಇನ್ವೆಂಟರಿ ಎಂಬ ಪ್ರತ್ಯೇಕ ಪಟ್ಟಿ ನಿರ್ಧರಿಸುತ್ತದೆ. ಮೂರು ಸರ್ವರ್‌ಗಳಿದ್ದರೆ ಮೇಲಿನ ಕಾರ್ಯ ಒಟ್ಟು 24 ಸಲ ನಡೆಯುತ್ತದೆ. ಕಡತಕೋಶ ಈಗಾಗಲೇ ಸರಿಯಾಗಿದ್ದರೆ ಆನ್ಸಿಬಲ್ ಅದನ್ನು ಮುಟ್ಟುವುದಿಲ್ಲ; ಆದ್ದರಿಂದ ಅದೇ ಪ್ಲೇಬುಕ್ಕನ್ನು ಮತ್ತೆ ನಡೆಸಿದರೂ ಹಾನಿಯಿಲ್ಲ.

ಒಂದು ಕಾರ್ಯ ಯಶಸ್ವಿಯಾಗುವವರೆಗೆ ಮರಳಿ ಯತ್ನಿಸಲು ‘ಅಂಟಿಲ್’ ಎಂಬ ಪದವಿದೆ. ಬೇರೆ ಸೂಚನೆ ಕೊಡದಿದ್ದಲ್ಲಿ ಎರಡು ಯತ್ನಗಳ ನಡುವೆ 5 ಸೆಕೆಂಡುಗಳ ಅಂತರವಿರುತ್ತದೆ.

ಮಿತಿಗಳು ಮತ್ತು ಎಚ್ಚರಿಕೆ

* ಪಟ್ಟಿಯಿಂದ ಹೆಸರನ್ನು ಅಳಿಸಿದ ಮಾತ್ರಕ್ಕೆ ಸರ್ವರ್‌ನಲ್ಲಿರುವ ಖಾತೆ ಅಳಿಯುವುದಿಲ್ಲ. ಕೆಲಸ ಬಿಟ್ಟವರ ಖಾತೆಯನ್ನು ತೆಗೆಯಲು, ಅದು ‘ಇರಬಾರದು’ ಎಂದು ಸ್ಪಷ್ಟವಾಗಿ ಬರೆಯಬೇಕು. ಇಲ್ಲವಾದರೆ ಆ ಖಾತೆ ತೆರೆದ ಬಾಗಿಲಿನಂತೆ ಉಳಿದು ಸುರಕ್ಷತೆಗೆ ಧಕ್ಕೆ ತರಬಹುದು.
* ಒಂದು ಅಂಶ ವಿಫಲವಾದರೂ ಸಾಮಾನ್ಯವಾಗಿ ಉಳಿದ ಅಂಶಗಳ ಸುತ್ತುಗಳು ಮುಂದುವರಿಯುತ್ತವೆ. ಕೊನೆಯಲ್ಲಿ ಇಡೀ ಕಾರ್ಯ ವಿಫಲವೆಂದು ದಾಖಲಾಗುತ್ತದೆ. ಹೀಗಾಗಿ ತಪ್ಪಾದ ಆದೇಶವು ಪಟ್ಟಿಯ ಎಲ್ಲ ಅಂಶಗಳಿಗೂ ತಗಲುವ ಅಪಾಯವಿದೆ. ಬದಲಾವಣೆಗಳನ್ನು ಮುಂಚಿತವಾಗಿ ತೋರಿಸುವ ‘ಚೆಕ್’ ವಿಧಾನದಲ್ಲಿ ಪರೀಕ್ಷಿಸಿ ನೋಡುವುದು ಉತ್ತಮ.
* ತಂತ್ರಾಂಶಗಳನ್ನು ಸ್ಥಾಪಿಸುವಾಗ ಲೂಪ್ ಬೇಕಾಗದಿರಬಹುದು. ಹಲವು ಸ್ಥಾಪನಾ ಮಾಡ್ಯೂಲ್‌ಗಳು ಇಡೀ ಪಟ್ಟಿಯನ್ನು ಒಮ್ಮೆಗೇ ಸ್ವೀಕರಿಸುತ್ತವೆ. ಇದರಿಂದ ಸಮಯ ಉಳಿಯುತ್ತದೆ.
* ಪಟ್ಟಿಯಲ್ಲಿ ಗುಪ್ತಪದಗಳಿದ್ದರೆ ಅವು ಪರದೆಯ ಮೇಲೆ ಪ್ರಕಟವಾಗಬಹುದು. ಇದನ್ನು ತಡೆಯಲು ‘ನೋ_ಲಾಗ್’ ಎಂಬ ಆಯ್ಕೆಯನ್ನು ಬಳಸಲಾಗುತ್ತದೆ.