ಹಿಡಿ ಅಕ್ಕಿಯ ಸಭೆ

ಪ್ರೆಸ್ಬಿಟೇರಿಯನ್ ಎಂಬ ಶಬ್ದ ನಮ್ಮ ನಾಲಗೆಗೆ ತೊಡಕೆನಿಸಿದರೂ ಅದರ ಅರ್ಥ ಸರಳ. ಗ್ರೀಕ್ ಭಾಷೆಯಲ್ಲಿ 'ಪ್ರೆಸ್ಬುಟೆರೊಸ್' ಎಂದರೆ ಹಿರಿಯ. ಬಿಷಪ್ಪರಿಲ್ಲದೆ, ಸಭೆಯವರು ಆರಿಸಿದ ಹಿರಿಯರೇ ಆಡಳಿತ ನಡೆಸುವ ಕ್ರೈಸ್ತ ಪಂಥಕ್ಕೆ ಈ ಹೆಸರು. ಇಂಥ ಪದ್ಧತಿ ಬಡ ಹಳ್ಳಿಗಳಲ್ಲಿ ಹೇಗೆ ಬೇರೂರಿತೆಂಬುದನ್ನು ಮಿಜೋರಾಮಿನ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸುತ್ತೇನೆ.

1894ರಲ್ಲಿ ಲಾರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು ಆ ಗುಡ್ಡಗಾಡಿಗೆ ಬಂದು, ಮಿಜೋ ಭಾಷೆಗೆ ರೋಮನ್ ಲಿಪಿಯನ್ನು ಹೊಂದಿಸಿದರು. 1897ರಲ್ಲಿ ವೇಲ್ಸ್ ದೇಶದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಿ. ಇ. ಜೋನ್ಸರು ಬಂದರು. 2011ರ ಜನಗಣತಿಯಂತೆ ಅಲ್ಲಿ ನೂರಕ್ಕೆ 87 ಮಂದಿ ಕ್ರೈಸ್ತರು. ಸಾಕ್ಷರರ ಪ್ರಮಾಣ ನೂರಕ್ಕೆ 91ಕ್ಕೂ ಮಿಗಿಲು.

ಒಬ್ಬ ಪಾದ್ರಿಯ ಪಾಲಿಗೆ ಹಲವು ಹಳ್ಳಿಗಳ ಸಭೆಗಳು ಸೇರಿರುತ್ತವೆ. ಆದ್ದರಿಂದ ಪ್ರತಿ ಭಾನುವಾರವೂ ಅವರು ಒಂದೇ ಊರಿನಲ್ಲಿರಲಾರರು. ಅವರಿಲ್ಲದಾಗ ಆರಾಧನೆ ನಡೆಸುವವರು 'ಉಪ' ಎಂದು ಕರೆಯಲ್ಪಡುವ ಹಿರಿಯರು. ಅವರಿಗೆ ಸಂಬಳವಿಲ್ಲ, ಗದ್ದೆ, ಅಂಗಡಿ, ಶಾಲೆಗಳಲ್ಲಿ ದುಡಿಯುವವರೇ ವೇದಿಕೆ ಏರುತ್ತಾರೆ. ಭಾನುವಾರದ ಪಾಠಶಾಲೆ ಮಕ್ಕಳಿಗೆ ಮಾತ್ರ ಮೀಸಲಲ್ಲ, ಮುದುಕರೂ ಬಂದು ಕುಳಿತು ಕಲಿಯುತ್ತಾರೆ.

ಹಾಡುಗಾರಿಕೆಯಂತೂ ವಿಶೇಷವಾದುದು. ಒಬ್ಬರು ಸಾಲನ್ನು ಮೊದಲು ನುಡಿದುಕೊಡಲು ಉಳಿದವರೆಲ್ಲ ಎಳೆದೆಳೆದು ಹಾಡುತ್ತಾರೆ. ಜೊತೆಗೆ 'ಖುವಾಂಗ್' ಎಂಬ ಡೋಲು. ಹಳೆಯ ಹಬ್ಬಗಳನ್ನೂ ಅಕ್ಕಿಯ ಮದ್ಯವನ್ನೂ ನೆನಪಿಸುತ್ತದೆಂದು ಮೊದಮೊದಲು ಡೋಲನ್ನು ದೂರವಿಟ್ಟಿದ್ದರು. ಕಾಲಕ್ರಮದಲ್ಲಿ ಜನರ ಭಕ್ತಿಯೇ ಅದನ್ನು ದೇವಾಲಯದ ಒಳಕ್ಕೆ ತಂದಿತು.

ಆದರೆ ಈ ಸಭೆಯ ನಿಜವಾದ ಆಧಾರ ಅಡಿಗೆಮನೆಯಲ್ಲಿದೆ. ಕುಮರಿ ಬೇಸಾಯದ ಆ ನಾಡಿನಲ್ಲಿ ಕಾಸು ದುರ್ಲಭವಾಗಿತ್ತು, ಅಕ್ಕಿ ಮಾತ್ರ ಮನೆಮನೆಯಲ್ಲೂ ಇತ್ತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ 'ಬುಹ್‌ಫಾಯ್ ಥಾಮ್' ಎಂಬ ವಾಡಿಕೆ ಬೆಳೆಯಿತು. ಅನ್ನಕ್ಕಿಡುವಾಗಲೆಲ್ಲ ಗೃಹಿಣಿ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕುತ್ತಾಳೆ. ಸಭೆಯ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಾರೆ. ಮಾರಿ ಬಂದ ಹಣ ಸಭೆಯ ಕಾರ್ಯಗಳಿಗೆ ಸಲ್ಲುತ್ತದೆ. ಹನಿಗೂಡಿದರೆ ಹಳ್ಳವೆಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜವಾಗಿದೆ: ಈಗ ಈ ಹಿಡಿ ಅಕ್ಕಿಯ ಮೊತ್ತ ವರ್ಷಕ್ಕೆ ಕೋಟಿಗಳ ಲೆಕ್ಕದಲ್ಲಿದೆ.

1966ರಲ್ಲಿ ಬಂಡಾಯವೆದ್ದು, ಮರುವರ್ಷದಿಂದ ಸರ್ಕಾರವು ಅನೇಕ ಹಳ್ಳಿಗಳನ್ನು ಎಬ್ಬಿಸಿ ಗುಂಪುಗುಂಪಾಗಿ ಬೇರೆಡೆ ನೆಲೆಗೊಳಿಸಿತು. 1968ರ ವೇಳೆಗೆ ವಿದೇಶೀ ಮಿಷನರಿಗಳೂ ಹೊರಟುಹೋದರು. ಆದರೂ ಸಭೆಗಳು ಚದುರಿಹೋಗಲಿಲ್ಲ. ಮುನ್ನಡೆಸಲು ಊರಿನದೇ ಹಿರಿಯರಿದ್ದರು, ವೆಚ್ಚಕ್ಕೆ ಊರಿನದೇ ಅಕ್ಕಿಯಿತ್ತು.

ಈ ಚಿತ್ರದಲ್ಲಿ ಒಂದು ಕೊರತೆಯೂ ಇದೆ. ಅಕ್ಕಿ ತೆಗೆದಿಟ್ಟವಳು ಹೆಂಗಸು, ಹೊತ್ತು ತಂದವಳು ಹೆಂಗಸು. ಅದರ ವಿನಿಯೋಗವನ್ನು ನಿರ್ಧರಿಸುವ ಹಿರಿಯರ ಪೀಠವೋ ಬಹುಕಾಲ ಗಂಡಸರದೇ ಆಗಿ ಉಳಿಯಿತು. ಸಭೆಯವರೇ ಆಳುವ ಪದ್ಧತಿಯೆಂದ ಮೇಲೆ ಸಭೆಯ ಅರ್ಧದಷ್ಟಿರುವವರನ್ನು ಹೊರಗಿಡುವುದು ಅದರ ತತ್ತ್ವಕ್ಕೇ ಒಪ್ಪದು ಎಂದು ನನಗೆ ತೋರುತ್ತದೆ.

ಹೊರಗಿನ ಹಣವಿಲ್ಲದೆ ಹಳ್ಳಿಯಲ್ಲಿ ಯಾವ ಸಂಸ್ಥೆಯೂ ನಿಲ್ಲದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಮ್ಮ ಊರಿನ ವಾಚನಾಲಯಕ್ಕಾಗಲಿ ಶಾಲೆಗಾಗಲಿ ನಾವು ದಿನಕ್ಕೆ ಎಷ್ಟನ್ನು ತೆಗೆದಿಡುತ್ತಿದ್ದೇವೆ ಎಂಬುದನ್ನು ವಾಚಕ ಮಿತ್ರರು ಒಮ್ಮೆ ಯೋಚಿಸಿ ನೋಡಲಿ.