ಬಿಸಿನೀರಿನ ತೊಟ್ಟಿಯೂ ಕೂಸಿನ ತೊಟ್ಟಿಲೂ

ಮದುವೆಗೆ ಮೈಸೂರು ರೇಷ್ಮೆ ಸೀರೆ ಆರಿಸುವಾಗ ಅಂಚು ನೋಡುತ್ತೇವೆ, ಬಣ್ಣ ನೋಡುತ್ತೇವೆ, ಬೆಲೆ ಕೇಳಿ ಉಸ್ಸೆನ್ನುತ್ತೇವೆ. ಆ ನೂಲನ್ನು ಗೂಡಿನಿಂದ ಬಿಚ್ಚಿದ ಕೈಗಳ ನೆನಪು ಯಾರಿಗೆ ಬರುತ್ತದೆ ಹೇಳಿ?

ಆ ಕೈಗಳಲ್ಲಿ ನಮ್ಮ ಸೀಮೆಯವೂ ಇದ್ದವು. ಯಳಂದೂರು ಎಂದರೆ ಬಿಳಿಗಿರಿರಂಗನ ಬೆಟ್ಟ, ಬಳೆಮಂಟಪ, ದಿವಾನ್ ಪೂರ್ಣಯ್ಯನವರ ಜಹಗೀರು ಎಂದು ಹೇಳಿ ಮುಗಿಸುವವರೇ ಹೆಚ್ಚು. ಇದೇ ತಾಲ್ಲೂಕಿನ ಮಾಂಬಳ್ಳಿಯಲ್ಲಿ ಸರ್ಕಾರಿ ರೇಷ್ಮೆ ನೂಲಿನ ಕಾರ್ಖಾನೆಯೊಂದಿತ್ತು. ಮೈಸೂರಿನ ನೇಯ್ಗೆ ಕಾರ್ಖಾನೆ 1912ರದು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಸೀರೆ ಅಲ್ಲಿ ನೇಯಲಿ, ನೂಲು ಮಾತ್ರ ಇಂಥ ಊರುಗಳಲ್ಲೇ ಬಿಚ್ಚಬೇಕು.

ಆ ಕೆಲಸ ಸುಲಭದ್ದಲ್ಲ. ಬೆಂದ ಗೂಡನ್ನು ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿ, ಕೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆ ಸೇರಿಸಿ ರಾಟೆಗೆ ಕೊಡಬೇಕು. ಎಳೆ ತುಂಡಾಯಿತೋ, ಮತ್ತೆ ಕೈ ನೀರಿಗೆ. ದಿನವಿಡೀ ನೆಂದ ಬೆರಳು ಬಿರಿಯುತ್ತದೆ, ಉಗುರುಸಂದಿ ಹುಣ್ಣಾಗುತ್ತದೆ. ಹಬೆ ಬೇರೆ, ಹುಳದ ವಾಸನೆ ಬೇರೆ. ಕೆಲವರಿಗೆ ಉಬ್ಬಸವೂ ಹತ್ತುತ್ತದೆ. ಅಂಥ ಕೈಯಲ್ಲಿ ಸಂಜೆ ಮನೆಗೆ ಬಂದು ಸಾರಿಗೆ ಹುಣಿಸೆಹಣ್ಣು ಕಿವುಚುವುದು ಎಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾರ್ಮಿಕರ ಕ್ಷೇಮವೆಂದರೆ ಆಯುಧಪೂಜೆಯ ದಿನ ಕಡ್ಲೆಪುರಿ, ಸಿಹಿ ಪೊಟ್ಟಣ, ಜೊತೆಗೊಂದು ಸ್ಟೀಲ್ ಡಬ್ಬಿ ಎಂದು ತಿಳಿದ ಮಾಲೀಕರಿದ್ದಾರೆ. ಕೊಡಲಿ, ಬೇಡವೆನ್ನುವವರಾರು! ಆದರೆ 1948ರ ಕಾರ್ಖಾನೆ ಕಾಯಿದೆ ಕೇಳಿದ್ದು ಬೇರೆಯೇ. ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಪೀಠ, ಕೈತೊಳೆಯಲು ಜಾಗ, ಹೆಂಗಸರಿಗೆ ಪ್ರತ್ಯೇಕ ಪಾಯಿಖಾನೆ, 250 ಜನ ಮೀರಿದರೆ ಕ್ಯಾಂಟೀನು, 150 ಜನ ಮೀರಿದರೆ ಊಟದ ಕೋಣೆ. ಈ ಊಟದ ಕೋಣೆ ಸಣ್ಣದೆನ್ನಬೇಡಿ. ಒಬ್ಬಳ ಮುದ್ದೆ, ಇನ್ನೊಬ್ಬಳ ಉಪ್ಸಾರು, ತಿಂಗಳ ಚೀಟಿ, ಬಸುರಿ ಗೆಳತಿಗೆ ಮುಡಿಸುವ ಹೂವು, ಎಲ್ಲಾ ನಡೆಯುವುದು ಅಲ್ಲೇ. ಗಂಡ ಹೊಡೆದನೆಂಬ ಮಾತು ಮೊದಲು ಬಾಯಿಗೆ ಬರುವುದೂ ಅಲ್ಲೇ.

ಇನ್ನು ಕೂಸಿನ ವಿಷಯ. “ಕೂಸ್ನ ಯಾರ್ ತಾವ ಬುಟ್ಟು ಬರ್ಲಿ ಕನಕ್ಕ?” ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳ ಕೆಲಸ ಈ ಒಂದು ಮಾತಿನಲ್ಲೇ ನಿಂತುಹೋಗಿದೆ! 30ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಬೇಕೆಂದು ಆ ಕಾಯಿದೆಯಲ್ಲೇ ಬರೆದಿತ್ತು. 2017ರಲ್ಲಿ ಹೆರಿಗೆ ಭತ್ಯೆಯ ಕಾಯಿದೆ ತಿದ್ದುಪಡಿಯಾಗಿ, ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಬಂತು. 50 ನೌಕರರಿದ್ದ ಕಡೆ ಶಿಶುವಿಹಾರ, ದಿನಕ್ಕೆ ನಾಲ್ಕು ಬಾರಿ ತಾಯಿ ಹೋಗಿ ಮಗುವನ್ನು ನೋಡಿಬರಬಹುದು. ನವೆಂಬರ್ 21, 2025ರಂದು ಹಳೆಯ ಕಾಯಿದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಈ ರಜೆ, ಈ ಶಿಶುವಿಹಾರ ಅವುಗಳಲ್ಲೂ ಉಳಿದಿವೆ.

ಕಾಗದದಲ್ಲಿದ್ದ ಮಾತ್ರಕ್ಕೆ ತೊಟ್ಟಿಲು ತೂಗುವುದಿಲ್ಲ, ನಿಜ. ಬೀಗ ಹಾಕಿದ ಕೋಣೆಗೂ ‘ಶಿಶುವಿಹಾರ’ ಎಂಬ ಬೋರ್ಡು ತೂಗುಹಾಕಬಹುದು. ಕೇಳಿದರಷ್ಟೇ ಬಾಗಿಲು ತೆರೆಯುತ್ತದೆ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಜಗಳವಾಡಿ, 2018ರಲ್ಲಿ ಅಲ್ಲಿನ ಅಂಗಡಿ ಕಾಯಿದೆಯನ್ನೇ ತಿದ್ದಿಸಿದರು. ಒಬ್ಬಳೇ ಕೇಳಿದ್ದರೆ ಮಾರನೆಯ ದಿನ ಕೆಲಸ ಹೋಗುತ್ತಿತ್ತೇನೋ.

ಈಗ ನಿಮ್ಮ ಮಗಳೋ ಸೊಸೆಯೋ ನಂಜನಗೂಡಿನ ಕಡೆಗೋ ಬದನಗುಪ್ಪೆಯ ಕೈಗಾರಿಕಾ ಪ್ರದೇಶಕ್ಕೋ ಕೆಲಸಕ್ಕೆ ಹೊರಟರೆ, ಸಂಬಳವೆಷ್ಟೆಂದು ಕೇಳಿದ ಬಾಯಲ್ಲೇ ಶಿಶುವಿಹಾರ ಇದೆಯೇ, ಪಾಯಿಖಾನೆಯಲ್ಲಿ ನೀರಿದೆಯೇ, ಇ.ಎಸ್.ಐ. ಕಾರ್ಡು ಮಾಡಿಸಿದ್ದಾರೆಯೇ ಎಂದೂ ವಿಚಾರಿಸಿ. ಆ ಕಾರ್ಡಿನ ಚಿಕಿತ್ಸೆ ಅವಳೊಬ್ಬಳಿಗಲ್ಲ, ಮಕ್ಕಳಿಗೂ ಉಂಟು. ಅಷ್ಟೇ ಅಲ್ಲ, ದುಡಿಯುವ ಹೆಣ್ಣಿನ ಆಶ್ರಯದಲ್ಲಿರುವ ಅತ್ತೆ–ಮಾವನನ್ನೂ ಹೊಸ ಸಂಹಿತೆ ಅವಳ ಕುಟುಂಬದವರೆಂದೇ ಎಣಿಸುತ್ತದೆ. ಸೊಸೆ ಕೆಲಸಕ್ಕೆ ಹೋಗುವುದು ಬೇಡವೆನ್ನುವ ಅತ್ತೆಯರು ಇದ್ದರೆ ಈ ಸಾಲನ್ನು ಎರಡು ಸಲ ಓದಿಸಿ!