ಕಲ್ಲಿನ ಮುಸುಕು, ಗಾಜಿನ ಕೆಂಪು

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಮರೆಯದೆ ಹುಡುಕಿಕೊಂಡು ಹೋಗುವ ಶಿಲ್ಪ ‘ಮುಸುಕಿನ ರೆಬೆಕಾ’. ಇಟಲಿಯ ಜಿಯೊವಾನಿ ಮಾರಿಯಾ ಬೆಂಜೋನಿ ರೂಪಿಸಿದ ಈ ಅಮೃತಶಿಲೆಯ ಹೆಣ್ಣನ್ನು ಹೈದರಾಬಾದ್ ಸಂಸ್ಥಾನದ ದಿವಾನ ಒಂದನೇ ಸಾಲಾರ್ ಜಂಗ್ 1876ರಲ್ಲಿ ಯುರೋಪ್ ಪ್ರವಾಸ ಹೋದಾಗ ರೋಮ್‌ನಲ್ಲಿ ಕೊಂಡರು. ಕಥೆ ಬೈಬಲ್ಲಿನದು. ಮದುವೆಗೆಂದು ದೂರದ ಊರಿನಿಂದ ಒಂಟೆಯ ಮೇಲೆ ಬರುತ್ತಿರುವ ರೆಬೆಕಾ, ಹೊಲದಲ್ಲಿ ನಡೆದುಬರುತ್ತಿರುವವನೇ ತನ್ನ ವರ ಇಸಾಕ ಎಂದು ತಿಳಿದೊಡನೆ ಮುಸುಕು ಎಳೆದುಕೊಳ್ಳುತ್ತಾಳೆ. ಆದರೆ ಈ ಕಥೆ ಗೊತ್ತಿಲ್ಲದವರೂ ಶಿಲ್ಪದ ಮುಂದೆ ಸ್ತಬ್ಧರಾಗಿ ನಿಲ್ಲುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇದು ನಿಜವಾಗಿಯೂ ಕಲ್ಲೇ?

ಆ ಅನುಮಾನ ಹುಟ್ಟುವಂತೆ ಮಾಡಿರುವುದರಲ್ಲೇ ಶಿಲ್ಪಿಯ ಜಾಣ್ಮೆ ಇದೆ. ಮುಖವೊಂದು, ಅದರ ಮೇಲೆ ಬಟ್ಟೆಯೊಂದು ಎಂದು ಅಲ್ಲಿ ಎರಡು ಪದರಗಳಿಲ್ಲ. ಹಣೆ, ಮೂಗಿನ ತುದಿ, ಗಲ್ಲ ಮುಂತಾದ ಉಬ್ಬಿದ ಜಾಗಗಳನ್ನು ನುಣುಪಾಗಿ ಬಿಟ್ಟು, ಅವುಗಳ ಆಚೀಚೆ ತೆಳ್ಳನೆಯ ಏಣುಗಳನ್ನು ಎಬ್ಬಿಸಲಾಗಿದೆ. ಏಣಿನ ಒಂದು ಮಗ್ಗುಲಿಗೆ ಬೆಳಕು ಬಿದ್ದು ಇನ್ನೊಂದು ಮಗ್ಗುಲಲ್ಲಿ ನೆರಳು ಕೂರುತ್ತದೆ. ಕಣ್ಣು ಅದನ್ನು ನೆರಿಗೆ ಎಂದು ತಿಳಿಯುತ್ತದೆ. ನೆರಿಗೆಗಳ ನಡುವಿನ ನುಣುಪು ತಾನಾಗಿಯೇ ‘ಬಟ್ಟೆಯ ಹಿಂದಿನ ಮುಖ’ವಾಗಿಬಿಡುತ್ತದೆ. ಇದಕ್ಕೆ ಕಲ್ಲಿನ ಗುಣವೂ ಒದಗಿ ಬಂದಿದೆ. ಅಮೃತಶಿಲೆಯ ಮೇಲೆ ಬಿದ್ದ ಬೆಳಕು ತುಸು ಒಳಕ್ಕಿಳಿದು, ಚದುರಿ, ಮತ್ತೆ ಹೊರಬರುತ್ತದೆ. ಮೈಚರ್ಮದ ಮೃದುತ್ವ ಕಾಣುವುದು ಅದರಿಂದ. ಕರಿಕಲ್ಲಿನಲ್ಲಿ ಇದು ಸಾಧ್ಯವಿಲ್ಲ.

ಇಂಥ ಕೆಲಸವನ್ನು ಬರೀ ಕೈಚಳಕ ಎಂದು ತಳ್ಳಿಹಾಕುವವರು ಇದ್ದಾರೆ. ಬೆಂಜೋನಿಯ ಮುಸುಕಿನ ರೆಬೆಕಾ ಒಂದೇ ಅಲ್ಲ, ಅಮೆರಿಕದ ಅಟ್ಲಾಂಟಾ, ಡೆಟ್ರಾಯಿಟ್ ಸಂಗ್ರಹಾಲಯಗಳಲ್ಲೂ ಇವೆ ಎಂಬುದು ಅವರ ವಾದಕ್ಕೆ ಬಲ ಕೊಡುತ್ತದೆ. ಮುಸುಕಿನ ಶಿಲ್ಪ ಇಟಲಿಗೆ ಹೊಸದೂ ಅಲ್ಲ. ನೇಪಲ್ಸಿನಲ್ಲಿ ಜುಸೆಪ್ಪೆ ಸಮ್ಮಾರ್ತಿನೊ 1753ರಲ್ಲೇ ಮುಸುಕು ಹೊದ್ದು ಮಲಗಿದ ಕ್ರಿಸ್ತನನ್ನು ಕಡೆದಿದ್ದ. ಎರಡನ್ನೂ ಹೋಲಿಸಿದರೆ ಕೈಚಳಕದ ವಾದ ಸಡಿಲವಾಗುತ್ತದೆ. ನೇಪಲ್ಸಿನಲ್ಲಿ ಮೈಗಂಟಿದ ಬಟ್ಟೆ ಸಾವಿನ ಭಾರವನ್ನು ಹೆಚ್ಚಿಸುತ್ತದೆ. ಹೈದರಾಬಾದಿನಲ್ಲಿ ಅದೇ ತಂತ್ರ ಹುಡುಗಿಯೊಬ್ಬಳ ಅಳುಕನ್ನು ಹಿಡಿದಿಟ್ಟಿದೆ. ತುಸು ಬಾಗಿದ ತಲೆಯನ್ನು ನೋಡಿದರೆ ಅದು ತಿಳಿಯುತ್ತದೆ.

ಸಂಗ್ರಹಾಲಯದ ಇನ್ನೊಂದು ಆಕರ್ಷಣೆ ಒಂದೇ ಮರದ ದಿಮ್ಮಿಯ ಜೋಡಿ ಶಿಲ್ಪ. ಮುಂದೆ ಗಯಟೆಯ ‘ಫೌಸ್ಟ್’ ನಾಟಕದ ಸೈತಾನ ಮೆಫಿಸ್ಟೊಫಿಲಿಸ್, ಬೆನ್ನಿಗೆ ತಲೆತಗ್ಗಿಸಿದ ಮಾರ್ಗರೆಟ್. ಹಿಂದಿಟ್ಟ ಕನ್ನಡಿಯಲ್ಲಿ ಅವಳು ಕಾಣುತ್ತಾಳೆ. ಮಕ್ಕಳಿಗೆ ಇದು ಬಲು ಇಷ್ಟ.

ಗಾಜಿನ ವಸ್ತುಗಳ ಮುಂದೆ ಮಾತ್ರ ಜನ ಬೇಗ ಬೇಗ ಸಾಗಿಬಿಡುತ್ತಾರೆ. ಹೂದಾನಿ, ಬಟ್ಟಲು, ದೀಪಗಳೆಂದರೆ ಶ್ರೀಮಂತರ ಮನೆಯ ಸಾಮಾನು ಎಂಬ ಭಾವನೆ ಅದಕ್ಕೆ ಕಾರಣವಿರಬೇಕು. ಇದು ನಿಜಕ್ಕೂ ನಷ್ಟ. ರೆಬೆಕಾಳ ಮುಖದಲ್ಲಿ ಬೆಳಕಿನ ಆಟವನ್ನು ಗುರುತಿಸಿದ ಕಣ್ಣಿಗೆ ಇಲ್ಲಿ ನೋಡಲು ಬೇಕಾದಷ್ಟಿದೆ. ವೆನಿಸ್ ಮತ್ತು ಬೊಹೀಮಿಯಾದ (ಇಂದಿನ ಜೆಕ್ ದೇಶದ ಭಾಗ) ಗಾಜನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಬೆಂಕಿಯ ಭಯಕ್ಕೆ 1291ರಲ್ಲಿ ವೆನಿಸ್ ತನ್ನ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿತು. ಅಲ್ಲಿನ ಸೋಡಾ ಗಾಜು ಕಾದಾಗ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಆದ್ದರಿಂದ ಕೆಲಸಗಾರ ಕೊಳವೆಯಿಂದ ಊದಿ, ಎಳೆದು, ತಿರುಚಿ ಬಿಸಿಯಲ್ಲೇ ರೂಪ ಕೊಡುತ್ತಾನೆ. ಬೊಹೀಮಿಯಾದವರು ಮರದ ಬೂದಿಯ ಪೊಟ್ಯಾಷ್ ಮತ್ತು ಸೀಮೆಸುಣ್ಣ ಬೆರೆಸಿ ಗಟ್ಟಿಯಾದ, ತಿಳಿಯಾದ ಗಾಜು ಮಾಡಿದರು. ಅದರ ನಿಜವಾದ ಕೆಲಸ ಶುರುವಾಗುವುದು ತಣ್ಣಗಾದ ಮೇಲೆ, ಸಾಣೆ ಚಕ್ರದ ಬಳಿ. ಅಂದರೆ ಅವರು ಗಾಜನ್ನು ಕಲ್ಲಿನಂತೆ ಕಡೆದರು.

ಬಣ್ಣದ ಗಾಜಿಗೆ ಇನ್ನಷ್ಟು ಹೊತ್ತು ಕೊಡಬೇಕು. ನೀಲಿಗೆ ಕೋಬಾಲ್ಟ್ ಸಾಕು. ಮಾಣಿಕ್ಯದ ಕೆಂಪಿಗೆ ಚಿನ್ನವನ್ನೂ ಬಳಸುತ್ತಾರೆ. ಚಿನ್ನ ಕರಗಿಸಿ ಬೆರೆಸಿದ ಗಾಜು ಮೊದಲು ಬಣ್ಣವಿಲ್ಲದಂತೆ ಕಾಣುತ್ತದೆ. ಮತ್ತೆ ಹದವಾಗಿ ಕಾಯಿಸಿದಾಗ ಚಿನ್ನದ ಅತಿಸೂಕ್ಷ್ಮ ಕಣಗಳು ಕೂಡಿಕೊಂಡು ಗಾಜು ಕೆಂಪೇರುತ್ತದೆ. ಹತ್ತೊಂಬತ್ತನೇ ಶತಮಾನದ ಬೊಹೀಮಿಯಾದಲ್ಲಿ ತಿಳಿಗಾಜಿನ ಮೇಲೆ ಬಣ್ಣದ ಪದರ ಹೊದಿಸಿ, ಅಲ್ಲಲ್ಲಿ ಸಾಣೆಯಿಂದ ಕೆತ್ತಿ, ಒಳಗಿನ ತಿಳಿಗಾಜು ಇಣುಕುವಂತೆ ಮಾಡುತ್ತಿದ್ದರು. ಇಂಥ ಪಾತ್ರೆಯನ್ನು ಒಂದೇ ಕಡೆ ನಿಂತು ನೋಡಿದರೆ ಸಾಲದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ, ಈಚೆಯ ಕೆತ್ತನೆಯ ಕಿಂಡಿಯಲ್ಲಿ ಆಚೆಯ ಕೆಂಪು ಕಾಣಿಸುತ್ತದೆ.